ಗುರುತ್ವ ಬಲದಿಂದ ಸಾಗುವ ರ್‍ಯಾಕ್: ಅವಧಿ ಮುಗಿಯುವ ಸರಕಿಗೆ ಹೊಂದುತ್ತದೆಯೇ?

ಪ್ರಶ್ನೆ:
ನೆಲಮಂಗಲದ ಬಳಿಯ ನಮ್ಮ ಗೋದಾಮಿನಲ್ಲಿ ಬಿಸ್ಕತ್ತು, ಹಣ್ಣಿನ ರಸ ಮುಂತಾದ ಸರಕನ್ನು ಡ್ರೈವ್-ಇನ್ ರ್‍ಯಾಕ್‌ಗಳಲ್ಲಿ ಇಡುತ್ತಿದ್ದೇವೆ. ಫೋರ್ಕ್‌ಲಿಫ್ಟ್ ಒಂದೇ ಕಡೆಯಿಂದ ಹೋಗಿ ಬರಬೇಕಾದ್ದರಿಂದ ಕೊನೆಗೆ ಇಟ್ಟದ್ದೇ ಮೊದಲು ಹೊರಬೀಳುತ್ತದೆ. ಒಳಗುಳಿದ ಸರಕಿನ ಅವಧಿ ಮುಗಿದದ್ದು ದಾಸ್ತಾನು ಎಣಿಸುವಾಗಲಷ್ಟೇ ತಿಳಿಯುತ್ತದೆ. ಹತ್ತು ಪ್ಯಾಲೆಟ್ (ಸರಕು ಜೋಡಿಸಿಡುವ ಹಲಗೆಯ ಮಣೆ) ಆಳದ, ಇಳಿಜಾರಿನ ರೋಲರ್‌ಗಳ ಮೇಲೆ ಸರಕು ತಾನೇ ಉರುಳಿ ಮುಂದೆ ಬರುವ ಗ್ರಾವಿಟಿ ರ್‍ಯಾಕ್ ಹಾಕಿಸುವಂತೆ ಸರಬರಾಜುದಾರರೊಬ್ಬರು ಸೂಚಿಸಿದ್ದಾರೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಇದರಲ್ಲಿ ಹಿಂದಿನಿಂದ ತುಂಬಿ ಮುಂದಿನಿಂದ ತೆಗೆಯುವುದರಿಂದ ಮೊದಲು ಬಂದದ್ದೇ ಮೊದಲು ಹೋಗುತ್ತದೆ. ಇಳಿಜಾರು ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು, 1.2 ಮೀಟರಿನ ಹತ್ತು ಪ್ಯಾಲೆಟ್‌ಗಳ 12 ಮೀಟರ್ ಸಾಲಿಗೆ ನೂರಕ್ಕೆ 4ರಂತೆ ಲೆಕ್ಕ ಹಾಕಿದರೆ ತುಂಬುವ ತುದಿ ತೆಗೆಯುವ ತುದಿಗಿಂತ 48 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಎಲ್ಲ ಅಂತಸ್ತುಗಳೂ ಸಮಾನಾಂತರವಾಗಿ ಇಳಿಯುವುದರಿಂದ ಈ ಎತ್ತರವನ್ನು ಕಳೆದುಕೊಳ್ಳುವುದು ಒಮ್ಮೆ ಮಾತ್ರ. ವೇಗವನ್ನು ಬ್ರೇಕ್ ರೋಲರ್‌ಗಳು ತಡೆಯುತ್ತವೆ; ಮುಂದಿನ ಪ್ಯಾಲೆಟ್ ಮೇಲೆ ಹಿಂದಿನ ಸಾಲಿನ ಭಾರ ಬೀಳದಂತೆ ತಡೆಹಿಡಿಯುವ ಸಾಧನವೂ ಬೇಕು. ಬೆಲೆ ಇಳಿಸುವ ನೆಪದಲ್ಲಿ ಅದನ್ನು ಬಿಡಲು ಒಪ್ಪಬೇಡಿ.

ಉತ್ತರ 2:
ರ್‍ಯಾಕ್‌ಗಿಂತ ಮೊದಲು ನಿಮ್ಮ ಪ್ಯಾಲೆಟ್‌ಗಳನ್ನು ಮಗುಚಿ ನೋಡಿ. ಅಡಿಹಲಗೆಗಳು ಸಾಗುವ ದಿಕ್ಕಿಗೆ ಉದ್ದಕ್ಕಿದ್ದರೆ ಸರಾಗವಾಗಿ ಉರುಳುತ್ತವೆ. ಅಡ್ಡಲಾಗಿದ್ದರೆ, ಅಥವಾ ಮುರಿದು ಮೊಳೆ ಎದ್ದಿದ್ದರೆ, ರೋಲರಿಗೆ ಸಿಕ್ಕಿಕೊಳ್ಳುತ್ತವೆ. ನಮ್ಮಲ್ಲಿ ತುಂಬಿದ ಪ್ಯಾಲೆಟ್‌ಗಳಿಂದ ಮಾತ್ರ ಪರೀಕ್ಷೆ ಮಾಡಿಸಿದ್ದರಿಂದ, ಅರ್ಧ ತುಂಬಿದ ಹಗುರವಾದವು ಸಾಲಿನ ನಡುವೆಯೇ ನಿಂತುಬಿಡುತ್ತಿದ್ದವು. ನಿಂತದ್ದನ್ನು ತಳ್ಳಲು ಹುಡುಗನೊಬ್ಬ ಒಳಗೆ ಹತ್ತಿದ್ದನ್ನು ಕಂಡು ನನ್ನ ಎದೆ ಒಡೆದಂತಾಯಿತು, ಏಕೆಂದರೆ ಅದು ಬಿಡಿಸಿಕೊಂಡ ಕ್ಷಣವೇ ಹಿಂದಿನವೆಲ್ಲ ಉರುಳಿ ಬರುತ್ತವೆ. ಆದ್ದರಿಂದ ನಿಮ್ಮ ಅತಿ ಹಗುರವಾದ ಮತ್ತು ಅತಿ ಭಾರವಾದ ಪ್ಯಾಲೆಟ್‌ಗಳೆರಡನ್ನೂ ಉರುಳಿಸಿ ತೋರಿಸುವಂತೆ ಕೇಳಿ.

ಉತ್ತರ 3:
ಒಂದು ಎಚ್ಚರಿಕೆ: ಮೊದಲು ಬಂದದ್ದೇ ಮೊದಲು ಅವಧಿ ಮುಗಿಸಬೇಕೆಂದೇನಿಲ್ಲ. ಕಾರ್ಖಾನೆಯಿಂದ ಹಳೆಯ ಬ್ಯಾಚು ತಡವಾಗಿ ಬಂದರೆ ಅದು ಹೊಸದರ ಹಿಂದೆಯೇ ನಿಲ್ಲುತ್ತದೆ, ನಡುವಿನಿಂದ ತೆಗೆಯಲಾಗದು. ಅಲ್ಲದೆ ಒಂದು ಸಾಲಿಗೆ ಒಂದೇ ಬಗೆಯ ಸರಕು. ಎರಡು ಮೂರು ಪ್ಯಾಲೆಟ್ ಬರುವ ಸರಕಿಗೆ ಹತ್ತರ ಸಾಲು ಮೀಸಲಿಟ್ಟರೆ ಗಾಳಿಗೆ ಬಾಡಿಗೆ ಕಟ್ಟಿದಂತೆ. ಅಂಥವುಗಳಿಗೆ ಮಾಮೂಲಿ ರ್‍ಯಾಕೇ ಸಾಕು.

ಪ್ರಶ್ನೆ ಕೇಳಿದವರು:
ತಮ್ಮೆಲ್ಲರಿಗೂ ವಂದನೆಗಳು. ಲೆಕ್ಕ ತೆಗೆದಾಗ ಅರವತ್ತು ಬಗೆಯ ಸರಕಿನಲ್ಲಿ ಹದಿನಾಲ್ಕು ಮಾತ್ರ ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಪ್ಯಾಲೆಟ್ ಬರುತ್ತವೆ. ಅಷ್ಟಕ್ಕೆ ಮಾತ್ರ ದರಪಟ್ಟಿ ಕೇಳಿದ್ದೇನೆ. ಮುರುಕು ಪ್ಯಾಲೆಟ್‌ಗಳನ್ನು ಬೇರ್ಪಡಿಸುವ ಕೆಲಸ ನಾಳೆಯಿಂದಲೇ ಆರಂಭವಾಗುತ್ತದೆ.