ಹಳಗನ್ನಡ ಪುಸ್ತಕ ಟೈಪ್ ಮಾಡುವಾಗ ಱ, ೞ ಬಂದರೆ ಏನು ಮಾಡುತ್ತೀರಿ?

ಹಳೆಯ ಅಚ್ಚಿನ ಒಂದು ಕಾವ್ಯವನ್ನು ಸ್ಕ್ಯಾನ್‌ನಿಂದ ಯೂನಿಕೋಡ್‌ಗೆ ತರುತ್ತಿದ್ದೇನೆ. ಱ, ೞ ಹಾಗೇ ಇಡಲೋ, ಈಗಿನ ರ, ಳ ಮಾಡಲೋ? ಈ ಕೆಲಸ ಮಾಡಿದವರು ಅನುಭವ ಹೇಳಿ.

ಹಾಗೇ ಇಡಿ, ದಯವಿಟ್ಟು. ನಾನು ಮೊದಲ ಪುಸ್ತಕದಲ್ಲಿ ಓದುವವರಿಗೆ ಸುಲಭವಾಗಲಿ ಅಂತ ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿಬಿಟ್ಟೆ. ಆಮೇಲೆ ಯುದ್ಧದ ಪದ್ಯವೊಂದರಲ್ಲಿ ಸಿಕ್ಕಿಹಾಕಿಕೊಂಡೆ. ಅಚ್ಚಿನಲ್ಲಿ ಒಂದು ಸಾಲಿನಲ್ಲಿ ಬಾಳ್, ಎರಡು ಸಾಲು ಬಿಟ್ಟು ಬಾೞ್. ಮೊದಲನೆಯದು ಕತ್ತಿ, ಎರಡನೆಯದು ಬದುಕು. ನನ್ನ ಫೈಲಿನಲ್ಲಿ ಎರಡೂ ಬಾಳ್! ಅರಿ ಅಂದರೆ ಕತ್ತರಿಸು, ಅಱಿ ಅಂದರೆ ತಿಳಿ, ಅದೂ ಹೋಗಿತ್ತು. ಮತ್ತೆ ಮೊದಲ ಪುಟದಿಂದ ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸರಿಮಾಡಬೇಕಾಯಿತು. ಪದ್ಯದಲ್ಲಿ ಪ್ರತಿ ಪಾದದ ಎರಡನೇ ಅಕ್ಷರದ ಪ್ರಾಸ ಇರುತ್ತಲ್ವಾ, ಅಕ್ಷರ ಬದಲಿಸಿದರೆ ಕವಿ ಅದನ್ನು ಹೇಗೆ ಕಟ್ಟಿದ್ದ ಅನ್ನೋದೇ ಕಾಣುವುದಿಲ್ಲ.

ಓಸಿಆರ್ (ಸ್ಕ್ಯಾನ್ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಈ ಎರಡು ಅಕ್ಷರಗಳನ್ನು ಜಾಸ್ತಿ ತಪ್ಪಾಗಿ ಓದುತ್ತದೆ, ಅದನ್ನು ನಂಬಬೇಡಿ. ಅಚ್ಚು ಮಸುಕಾಗಿದ್ದರೆ ನಾನು 1894ರ ಕಿಟ್ಟೆಲ್ ನಿಘಂಟು ತೆಗೆದು ನೋಡುತ್ತೇನೆ, ಅದರಲ್ಲಿ ಱ, ೞ ಬೇರೆಯಾಗಿಯೇ ಇವೆ. ಇನ್ನೊಂದು, ಯೂನಿಕೋಡ್ ಪಟ್ಟಿಯಲ್ಲಿ ೞ ಹುಡುಕಿದರೆ ಬೇಗ ಸಿಗಲ್ಲ. ಅದಕ್ಕೆ ತಪ್ಪಾಗಿ ‘ಎಫ್‌ಎ’ ಅಂತ ಹೆಸರಿಟ್ಟಿದ್ದಾರೆ, ಅದು ಹಾಗೇ ಉಳಿದಿದೆ. 0ಸಿಡಿಇ ಅನ್ನೋ ಸಂಖ್ಯೆಯಿಂದ ಹುಡುಕಿ. ಱ 0ಸಿಬಿ1ರಲ್ಲಿದೆ.

ಹೊಸ ಓದುಗರಿಗೆ ರ, ಳ ಹಾಕಿದ ಪ್ರತಿ ಬೇಕೇ ಬೇಕು ಅನ್ನಿಸಿದರೆ ಮೂಲದ ಪ್ರತಿ ಮುಗಿದ ಮೇಲೆ ಬೇರೆ ಫೈಲಿನಲ್ಲಿ ಮಾಡಿ. ೞದಿಂದ ಳ ಮಾಡೋದು ಒಂದು ನಿಮಿಷದ ಕೆಲಸ. ಳ ಆಗಿಹೋದದ್ದರಲ್ಲಿ ೞ ಯಾವುದಿತ್ತು ಅಂತ ಯಾವ ತಂತ್ರಾಂಶವೂ ಹೇಳಲ್ಲ.

ಮೇಲೆ ಹೇಳಿದ್ದು ಪೂರ್ತಿ ಸರಿ ಸಾರ್. ಅರ್ಕಾವತ್ತಿನ ವಿಷಯ ಸೇರಿಸುತ್ತೇನೆ. ಹಳೆಯ ಅಚ್ಚಿನಲ್ಲಿ ಧರ್ಮ್ಮ, ಪೂರ್ವ್ವ ಅಂತ ವ್ಯಂಜನ ಇಮ್ಮಡಿಯಾಗಿರುತ್ತದೆ. ಅಚ್ಚಿನ ತಪ್ಪು ಅಂದುಕೊಂಡು ತೆಗೆಯಬೇಡಿ, ಆಗ ಬರೆಯುತ್ತಿದ್ದದ್ದೇ ಹಾಗೆ. ಸೂರ್ಯ, ಸೂರ‍್ಯ ಎರಡೂ ಬಂದರೆ ಮಾತ್ರ ನಾನು ಒಂದೇ ರೂಪ ಇಟ್ಟುಕೊಳ್ಳುತ್ತೇನೆ. ಎರಡನೆಯದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕಾಗುತ್ತದೆ, ನನ್ನ ಎಡಿಟರ್‌ನಲ್ಲಿ ಅಂಥ ಪದಗಳು ಹುಡುಕಿದಾಗ ಸಿಗಲೇ ಇಲ್ಲ. ಉಚ್ಚಾರ ಎರಡಕ್ಕೂ ಒಂದೇ, ಅರ್ಥವೂ ಒಂದೇ. ಹೀಗೆ ಮಾಡಿದ್ದೇನೆ ಅಂತ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡುತ್ತೇನೆ.