ಲೆಕ್ಕದಲ್ಲಿ 344 ಬಾಕ್ಸ್, ಕಂಟೇನರ್‌ನಲ್ಲಿ 225. ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಮೈಸೂರಿನಲ್ಲಿ ಅಗರಬತ್ತಿ ವ್ಯಾಪಾರ. ಚೆನ್ನೈ ಬಂದರಿನಿಂದ ಹೊರದೇಶಕ್ಕೆ ಮಾಲು ಹೋಗುತ್ತದೆ. ನಮ್ಮ ರಟ್ಟಿನ ಬಾಕ್ಸ್ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. 20 ಅಡಿ ಕಂಟೇನರ್‌ನ ಜಾಗವನ್ನು ಇದರಿಂದ ಭಾಗಿಸಿದರೆ 344 ಬರುತ್ತದೆ. ಹಮಾಲರು ತುಂಬುವುದು 225 ಮಾತ್ರ. ಬಾಕ್ಸ್ ಜೋಡಣೆ ಲೆಕ್ಕ ಹಾಕುವ ಸಾಫ್ಟ್‌ವೇರ್ ತಗೊಂಡರೆ 344 ಹಿಡಿಯುತ್ತಾ?

ಉತ್ತರ: ಇಲ್ಲ ಸರ್. ಅದು ನೀರು ತುಂಬುವ ಲೆಕ್ಕ. ಕಂಟೇನರ್ ಒಳಗೆ ಸುಮಾರು 589 ಸೆಂ.ಮೀ. ಉದ್ದ, 235 ಅಗಲ, 239 ಎತ್ತರ ಇರುತ್ತದೆ. ಎತ್ತರದಲ್ಲಿ ಐದು ಪದರಕ್ಕೆ 200 ಸೆಂ.ಮೀ. ಹೋಯಿತು. ಉಳಿದ 39ರಲ್ಲಿ ನಿಮ್ಮ ಬಾಕ್ಸ್ ಕೂರುವುದಿಲ್ಲ, ಒಂದೇ ಸೆಂಟಿಮೀಟರ್ ಸಾಲದು.

ನಿಮ್ಮವರು ಎಲ್ಲವನ್ನೂ ಉದ್ದುದ್ದ ಇಡುತ್ತಿರಬೇಕು. ಸಾಲಿಗೆ 9, ಐದು ಸಾಲು, ಪದರಕ್ಕೆ 45. ಅದರ ಬದಲು ಮೂರು ಸಾಲು ಅಡ್ಡಡ್ಡ, ಒಂದು ಸಾಲು ಉದ್ದುದ್ದ ಇಡಿಸಿ. ಅಡ್ಡ ಸಾಲಿನಲ್ಲಿ 14ರಂತೆ 42, ಉದ್ದ ಸಾಲಿನಲ್ಲಿ 9. ಪದರಕ್ಕೆ 51, ಒಟ್ಟು 255.

ಪ್ರಶ್ನೆ: ಟ್ರಯಲ್ ಸಾಫ್ಟ್‌ವೇರ್ ಒಂದರಲ್ಲಿ ಹಾಕಿ ನೋಡಿದೆ ಮೇಡಂ. 274 ತೋರಿಸಿತು!

ಉತ್ತರ: ಅದು ಒಂದು ಪದರವನ್ನು ನೆಟ್ಟಗೆ ನಿಲ್ಲಿಸಿದೆ, ನಾಲ್ಕನ್ನು ಮಲಗಿಸಿದೆ. ಬಾಕ್ಸ್ ಮಗುಚಬಾರದು ಅಂತ ನೀವು ಅದಕ್ಕೆ ಹೇಳಿರಲಿಲ್ಲ, ಅಲ್ವಾ? ದಯವಿಟ್ಟು ಹಾಗೆ ತುಂಬಬೇಡಿ. ರಟ್ಟಿನ ಬಾಕ್ಸಿನ ಬಲ ಹೆಚ್ಚಾಗಿ ಮೂಲೆಗಳಲ್ಲಿರುತ್ತದೆ. ಮೂಲೆಯ ಮೇಲೆ ಮೂಲೆ ಬರದಿದ್ದರೆ ಕೆಳಗಿನದು ಕುಸಿಯುತ್ತದೆ. ಸಮುದ್ರದ ತೇವಕ್ಕೆ ರಟ್ಟು ಇನ್ನೂ ಮೆತ್ತಗಾಗುತ್ತದೆ.

255 ತುಂಬುವಾಗ ಅಗಲದಲ್ಲಿ ಉಳಿಯುವ 15 ಸೆಂ.ಮೀ. ಜಾಗವನ್ನು ಸುಮ್ನೆ ಗೋಡೆ ಪಕ್ಕ ಬಿಡಬೇಡಿ. ಮಧ್ಯಕ್ಕೆ ತಂದು ಗಾಳಿ ತುಂಬುವ ಚೀಲ ಹಾಕಿಸಿ. ಬಾಗಿಲ ಕಡೆಯ ಸಾಲಿಗೆ ಬಲೆ ಇಲ್ಲವೇ ಪಟ್ಟಿ ಬೇಕೇ ಬೇಕು. ಅಲ್ಲಿ ಬಾಗಿಲು ತೆರೆಯುವವರ ಮೈಮೇಲೆ ಬಾಕ್ಸ್ ಬೀಳಬಾರದು.

ಇನ್ನೊಬ್ಬರ ಪ್ರಶ್ನೆ: ಕಂಪ್ಯೂಟರ್ ಎಲ್ಲಾ ಜೋಡಣೆಗಳನ್ನೂ ಪ್ರಯತ್ನಿಸಿ ನೋಡಬಹುದಲ್ವಾ ಮೇಡಂ?

ಉತ್ತರ: ಬಾಕ್ಸ್ ಜಾಸ್ತಿ ಆದಂತೆ ಸಾಧ್ಯತೆಗಳು ವಿಪರೀತ ಬೆಳೆಯುತ್ತವೆ. ಬೇರೆ ಬೇರೆ ಅಳತೆ ಇದ್ದರಂತೂ ಕೇಳಲೇಬೇಡಿ. ಅದಕ್ಕೇ ಪ್ರೋಗ್ರಾಂಗಳು ಒಳ್ಳೆಯ ಉತ್ತರ ಹುಡುಕುತ್ತವೆ, ಅತ್ಯುತ್ತಮವೇ ಸಿಗುತ್ತದೆ ಅನ್ನುವಂತಿಲ್ಲ. 1980ರಲ್ಲಿ ಜಾರ್ಜ್ ಮತ್ತು ರಾಬಿನ್ಸನ್ ಪ್ರಕಟಿಸಿದ ವಿಧಾನ ನನಗೆ ಇವತ್ತಿಗೂ ಇಷ್ಟ. ಒಳತುದಿಯಿಂದ ಬಾಗಿಲ ಕಡೆಗೆ ಒಂದೊಂದೇ ಗೋಡೆ ಕಟ್ಟುತ್ತಾ ಬರುವುದು. ಹಮಾಲರು ತುಂಬುವುದೂ ಹಾಗೆಯೇ, ಹಾಗಾಗಿ ಪ್ಲಾನ್ ಅವರಿಗೆ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಹಾಗಾದರೆ 255ಕ್ಕಿಂತ ಜಾಸ್ತಿ ಆಗುವುದೇ ಇಲ್ವಾ ಮೇಡಂ?

ಉತ್ತರ: ಆಗುತ್ತದೆ. ಬಾಕ್ಸಿನ ಎತ್ತರವನ್ನು 37.5ಕ್ಕೆ ಇಳಿಸಿ. ಆರು ಪದರಕ್ಕೆ 225 ಸೆಂ.ಮೀ. ಬಾಗಿಲಿನ ಎತ್ತರ ಸುಮಾರು 228, ಹಾಗಾಗಿ ಕೊನೆಯ ಸಾಲೂ ಒಳಗೆ ಹೋಗುತ್ತದೆ. 306 ಬಾಕ್ಸ್! ಒಂದೊಂದರಲ್ಲಿ ಸ್ವಲ್ಪ ಕಡಿಮೆ ಹಿಡಿದರೂ ಒಟ್ಟು ಮಾಲು ಸುಮಾರು ಶೇ. 12ರಷ್ಟು ಜಾಸ್ತಿ ಹೋಗುತ್ತದೆ. ಸಾಫ್ಟ್‌ವೇರಿಗೆ ದುಡ್ಡು ಹಾಕುವ ಮೊದಲು ಬಾಕ್ಸ್ ಮಾಡುವವರ ಹತ್ತಿರ ಮಾತಾಡಿ. ತಳದ ಬಾಕ್ಸ್ ಈಗ ನಾಲ್ಕರ ಬದಲು ಐದರ ಭಾರ ಹೊರಬೇಕು, ಅದಕ್ಕೆ ತಕ್ಕ ಗಟ್ಟಿ ರಟ್ಟು ಕೇಳಿ. 2016ರ ಜುಲೈ 1ರಿಂದ ತುಂಬಿದ ಕಂಟೇನರ್‌ನ ದೃಢಪಡಿಸಿದ ತೂಕ ಕೊಡದೆ ಹಡಗಿಗೆ ಹತ್ತಿಸುವುದಿಲ್ಲವಲ್ಲ, ಹೊಸ ಬಾಕ್ಸ್ ಬಂದ ಮೇಲೆ ಆ ಲೆಕ್ಕವನ್ನೂ ಹೊಸದಾಗಿ ಮಾಡಿಸಿ.