ಒಳ್ಳೆಯದಾದದ್ದಕ್ಕೆ ನಾನು ಕಾರಣವಾದ್ರೆ, ಆಗದೇ ಹೋದದ್ದಕ್ಕೆ ಯಾರು?

ಜೆರಾಕ್ಸ್ ಅಕ್ಕ, ಉಡುಪಿ:

ನನ್ನದು ಉಡುಪಿಯಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ಲ್ಯಾಮಿನೇಶನ್, ಪಾಸ್‌ಪೋರ್ಟ್ ಸೈಜ್ ಫೋಟೊ, ಆನ್‌ಲೈನ್ ಅರ್ಜಿ ತುಂಬುವುದು ಎಲ್ಲ ಉಂಟು. ಜೂನ್ ತಿಂಗಳಲ್ಲಿ ಮಳೆಯೂ ಕಾಲೇಜು ಅಡ್ಮಿಷನ್ನೂ ಒಟ್ಟಿಗೆ ಶುರುವಾದರೆ ಊಟಕ್ಕೂ ಪುರುಸೊತ್ತಿಲ್ಲ.

ಮೊನ್ನೆ ಒಬ್ಬ ಹುಡುಗ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದ. ಹಡಗಿನಲ್ಲಿ ಕೆಲಸ ಸಿಕ್ಕಿದೆಯಂತೆ. "ಅಕ್ಕ, ನಿಮ್ಮಿಂದ ಆದದ್ದು" ಅಂದ. ನನಗೆ ಮುಖವೇ ನೆನಪಿಲ್ಲ. ಅವನು ಹೇಳಿದ ಪ್ರಕಾರ, ಹಿಂದೆ ಯಾವಾಗಲೋ ಅಂಕಪಟ್ಟಿ ಮತ್ತು ಆಧಾರ್ ಜೆರಾಕ್ಸ್ ಮಾಡಿಸಲಿಕ್ಕೆ ಬಂದಾಗ ನಾನು ಕಾಗದ ತಿರುಗಿಸುತ್ತಾ, "ಎಂತ ಮಾರಾಯ, ಇದರಲ್ಲಿ ಹೆಸರಿನ ಹಿಂದೆ ಪೂಜಾರಿ ಉಂಟು, ಇದರಲ್ಲಿ ಇಲ್ಲ, ಈಗಲೇ ಸರಿ ಮಾಡಿಸು" ಅಂದಿದ್ದೆನಂತೆ. ಅವನು ಮಾಡಿಸಿದ. ಜೊತೆಗೆ ಅರ್ಜಿ ಹಾಕಿದ್ದ ಗೆಳೆಯನದ್ದು ಮಾತ್ರ ಹೆಸರು ತಾಳೆಯಾಗದೆ ನಿಂತುಹೋಯಿತಂತೆ.

ಗೆಳೆಯನ ಸುದ್ದಿ ಅವನು ಮಾತಿನ ಮಧ್ಯೆ ಸುಮ್ಮನೆ ಹೇಳಿದ್ದು. ನನಗೆ ಅದೇ ಕೊರೆಯುತ್ತಾ ಉಂಟು. ಇಬ್ಬರೂ ಒಂದೇ ಕಾಲೇಜು. ಆ ಹುಡುಗನೂ ನಮ್ಮಲ್ಲೇ ಜೆರಾಕ್ಸ್ ಮಾಡಿಸಿರಬಹುದು. ಇವನ ಕಾಗದ ನೋಡಿದ್ದು ನಾನು ಪುಣ್ಯಕ್ಕೆ ಅಂತ ಅಲ್ಲ, ಮಿಷನ್ ಬಿಸಿಯಾಗುವವರೆಗೆ ಕಣ್ಣಿಗೆ ಬೇರೆ ಕೆಲಸ ಇರಲಿಲ್ಲ, ಅಷ್ಟೇ. ಮಿಷನ್ ಮೊದಲೇ ಬಿಸಿ ಇದ್ದಿದ್ದರೆ ಇವನೂ ನಿಂತುಹೋಗುತ್ತಿದ್ದ. ಒಬ್ಬನ ಉಪಕಾರ ನನ್ನ ಲೆಕ್ಕಕ್ಕೆ ಬರೆದುಕೊಂಡರೆ ಇನ್ನೊಬ್ಬನದ್ದನ್ನೂ ಬರೆದುಕೊಳ್ಳಬೇಕಲ್ಲ? ನಿಮಗೆ ಹೇಗೆ ಅನಿಸುತ್ತದೆ?

ಹಂಪನಕಟ್ಟೆಯವ, ಮಂಗಳೂರು:

ಅಕ್ಕ, ನಮ್ಮ ಹರೇಕಳ ಹಾಜಬ್ಬರನ್ನು ನೆನಪಿಸಿಕೊಳ್ಳಿ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಬಂದು ಇಂಗ್ಲಿಷಿನಲ್ಲಿ ರೇಟು ಕೇಳಿದರು, ಇವರಿಗೆ ಅರ್ಥವಾಗಲಿಲ್ಲ, ಅವರು ಹೋದರು. ಆ ನಾಚಿಕೆ ಅವರನ್ನು ಬಿಡಲಿಲ್ಲ. ತನ್ನೂರಿನ ಮಕ್ಕಳಿಗೆ ಹೀಗಾಗಬಾರದು ಅಂತ ಹಣ್ಣು ಮಾರಿದ ದುಡ್ಡು ಕೂಡಿಟ್ಟು, ಕಚೇರಿ ಕಚೇರಿ ಅಲೆದು, 2000ದ ಹೊತ್ತಿಗೆ ನ್ಯೂಪಡ್ಪಿನಲ್ಲಿ ಶಾಲೆ ಆಗುವಂತೆ ಮಾಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋಗಿ ತೆಗೆದುಕೊಂಡು ಬಂದರು.

ರೇಟು ಕೇಳಿದವರು ಉಪಕಾರ ಮಾಡಲಿಕ್ಕೆ ಬಂದವರಲ್ಲ, ಕಿತ್ತಳೆ ತಿನ್ನಲಿಕ್ಕೆ ಬಂದವರು. ಅದೇ ಪ್ರಶ್ನೆ ಪೇಟೆಯಲ್ಲಿ ಎಷ್ಟು ಜನ ವ್ಯಾಪಾರಿಗಳಿಗೆ ಬಿದ್ದಿರಲಿಕ್ಕಿಲ್ಲ? ಉಳಿದವರು ಬೆರಳು ತೋರಿಸಿ ವ್ಯಾಪಾರ ಮುಗಿಸಿರುತ್ತಾರೆ. ಶಾಲೆ ಎದ್ದದ್ದು ಹಾಜಬ್ಬರಿಂದ. ಹಾಗೆಯೇ ಆಧಾರ್ ಕೇಂದ್ರದಲ್ಲಿ ಸರದಿ ನಿಂತು ಹೆಸರು ಸರಿ ಮಾಡಿಸಿದವನು ಆ ಹುಡುಗ. ನೀವು ಹೇಳಿದ್ದನ್ನು ಕೇಳಿ ಮನೆಗೆ ಹೋಗಿ ಮಲಗಿದವರೂ ಇದ್ದಾರು.

ಜೆರಾಕ್ಸ್ ಅಕ್ಕ:

ಅದು ಸರಿ. ಹಾಗಂತ ಪೂರ್ತಿ ಅವನದ್ದೇ ಅಂದರೆ ನಾನು ಹೇಳಿದ್ದಕ್ಕೂ ಹೇಳದೆ ಇರುವುದಕ್ಕೂ ವ್ಯತ್ಯಾಸವೇ ಇಲ್ಲ ಅಂತ ಆಯಿತಲ್ಲ. ಅದನ್ನು ಒಪ್ಪಲಿಕ್ಕೆ ಮನಸ್ಸು ಬರುವುದಿಲ್ಲ.

ಹಳೆ ಪಿಗ್ಮಿಯವ:

ನಾನು ವರ್ಷಗಟ್ಟಲೆ ಪಿಗ್ಮಿ ಕಲೆಕ್ಷನ್ ಮಾಡಿದವ, ಅಂದರೆ ಜನರ ದಿನದಿನದ ಸಣ್ಣ ಉಳಿತಾಯದ ದುಡ್ಡನ್ನು ಬ್ಯಾಂಕಿಗೆ ಸಂಗ್ರಹಿಸುವ ಕೆಲಸ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. ಟಿ.ಎಂ.ಎ. ಪೈಯವರು ಮತ್ತು ಜೊತೆಗಾರರು 1925ರಲ್ಲಿ ಬ್ಯಾಂಕ್ ಶುರು ಮಾಡಿದ್ದು. ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದದ್ದು ಆಮೇಲೆ. 1928ರಲ್ಲಿ ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟರೇ ಮನೆಬಾಗಿಲಿಗೆ ಬರ್ತಾರೆ ಅಂತ ಪಿಗ್ಮಿ ತಂದರು.

ನಾನು ಹೋಗುತ್ತಿದ್ದದ್ದು ಕಮಿಷನ್ನಿಗೆ. ಸುಳ್ಳು ಯಾಕೆ ಹೇಳಬೇಕು. ರಿಟೈರ್ ಆದ ಮೇಲೆ ಕಲ್ಸಂಕದ ಹತ್ತಿರ ಒಬ್ಬರು ಟೈಲರ್ ಅಮ್ಮ ಸಿಕ್ಕಿದರು. ಗಂಡ ತೀರಿಹೋದ ವರ್ಷ ಅವರಿಗೆ ಅಂಗಡಿ ಬಾಗಿಲು ತೆಗೆಯುವ ಮನಸ್ಸೇ ಇರಲಿಲ್ಲವಂತೆ. "ಬಾಗಿಲು ಹಾಕಿದ್ದನ್ನು ನೋಡಿ ನೀವು ವಾಪಸ್ ಹೋಗುತ್ತೀರಲ್ಲ ಅಂತ ನಾಚಿಕೆಗೆ ದಿನಾ ತೆಗೆದೆ. ತೆಗೆದ ಮೇಲೆ ಸುಮ್ಮನೆ ಕೂರುವುದು ಹೇಗೆ, ಯಾರದ್ದೋ ರವಿಕೆ ಹೊಲಿದೆ" ಅಂದರು. ಅವರು ಕಟ್ಟುತ್ತಿದ್ದ ದುಡ್ಡು ತೀರಾ ಕಡಿಮೆ. ನನ್ನ ಕಮಿಷನ್ನಿನ ಲೆಕ್ಕದಲ್ಲಿ ಅವರ ಮೆಟ್ಟಿಲು ಹತ್ತುವುದೇ ನಷ್ಟ, ಬಿಟ್ಟುಬಿಡುವ ಅಂತಲೂ ಅನಿಸಿದ್ದುಂಟು. ಪಕ್ಕದ ಹೋಟೆಲಿನ ಚಾ ಚೆನ್ನಾಗಿತ್ತು ಅಂತ ಆ ಸಾಲು ಬಿಡಲಿಲ್ಲ. ಈಗ ಹೇಳಿ, ಅವರ ಅಂಗಡಿ ಉಳಿಸಿದ್ದು ನಾನೋ, ಚಾ ಮಾಡಿದ ಭಟ್ರೋ?

ಅವರಿಗೆ ಇದನ್ನೆಲ್ಲ ಹೇಳಲಿಲ್ಲ. ಕೈಮುಗಿದರು, ನಾನೂ ಕೈಮುಗಿದೆ. ಬಂದ ಮರ್ಯಾದೆಯನ್ನು ತೂಕ ಮಾಡಿ ಅರ್ಧ ವಾಪಸ್ ಕೊಡುವುದು ಸರಿಯಲ್ಲ.

ಗಣಿತ ಮೇಷ್ಟ್ರು, ಸುರತ್ಕಲ್:

1961ರಲ್ಲಿ ಎಡ್ವರ್ಡ್ ಲೊರೆನ್ಜ್ ಎಂಬ ಹವಾಮಾನ ವಿಜ್ಞಾನಿ ಕಂಪ್ಯೂಟರಿನಲ್ಲಿ ಒಂದು ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಿದರು. ಒಳಗಿದ್ದ ಸಂಖ್ಯೆ 0.506127, ಇವರು ಹಾಕಿದ್ದು 0.506. ಕಾಫಿ ಕುಡಿದು ಬಂದು ನೋಡಿದರೆ ಮೊದಲಿನ ಹವಾಮಾನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎಲ್ಲೋ ಚಿಟ್ಟೆ ರೆಕ್ಕೆ ಬಡಿದರೆ ಇನ್ನೆಲ್ಲೋ ಬಿರುಗಾಳಿ ಏಳಬಹುದು ಅನ್ನುವ ಮಾತು ಎಲ್ಲರ ಬಾಯಲ್ಲೂ ಬಂದದ್ದು ಅದರ ನಂತರ. ಜನ ಒಂದನ್ನು ಮರೆಯುತ್ತಾರೆ: ಬಿರುಗಾಳಿಯಿಂದ ಹಿಂದಕ್ಕೆ ಹೋಗಿ ಯಾವ ಚಿಟ್ಟೆ ಅಂತ ಹಿಡಿಯಲಿಕ್ಕಾಗುವುದಿಲ್ಲ. ನಿಮ್ಮ ಲೆಕ್ಕವೂ ಹಾಗೆ, ಬಿಡಿಸಲಿಕ್ಕೆ ಕೂರಬೇಡಿ.

ಜೆರಾಕ್ಸ್ ಅಕ್ಕ:

ಮೇಷ್ಟ್ರೇ, ನಿಮ್ಮ ಚಿಟ್ಟೆಗೆ ಯಾರೂ ಬರ್ಫಿ ತಂದುಕೊಡುವುದಿಲ್ಲವಲ್ಲ! ಎದುರು ನಿಂತವನಿಗೆ ಎಂತ ಹೇಳುವುದು ಅಂತ ನನ್ನ ಕಷ್ಟ. ಪಿಗ್ಮಿಯಣ್ಣ ಹೇಳಿದ್ದು ಮನಸ್ಸಿಗೆ ಹಿಡಿಯಿತು. ಅವನ ಬಾಕ್ಸನ್ನು ನಾನು "ಬೇಡ ಬೇಡ" ಅಂತ ಸುಮಾರು ಹೊತ್ತು ದೂಡಿದ್ದೆ, ಪಾಪ.

ಇನ್ನೊಂದು ಸುದ್ದಿ. ಆ ಗೆಳೆಯನ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಅವನು ನನ್ನ ಅಂಗಡಿಗೆ ಕಾಲಿಟ್ಟವನೇ ಅಲ್ಲವಂತೆ, ಎಲ್ಲ ಬ್ರಹ್ಮಾವರದಲ್ಲೇ ಮಾಡಿಸಿದ್ದಂತೆ! ಇಷ್ಟು ದಿನ ನಿದ್ದೆಗೆಟ್ಟದ್ದು ದಂಡ. ಆದರೂ ಫೋನ್ ಮಾಡಿದ್ದೇನಲ್ಲ, "ಬಾ, ನೋಡುವ" ಅಂದಿದ್ದೇನೆ. ಅವನದ್ದು ಇನಿಶಿಯಲ್ ತಕರಾರು: ಅಂಕಪಟ್ಟಿಯಲ್ಲಿ ಬಿಡಿಸಿ ಬರೆದಿದೆ, ಆಧಾರಿನಲ್ಲಿ ಬರೀ ಅಕ್ಷರ. ಯಾವುದನ್ನು ಬದಲಿಸಿದರೆ ಒಳ್ಳೆಯದು?

ಹಂಪನಕಟ್ಟೆಯವ:

ಅಂಕಪಟ್ಟಿಯಲ್ಲಿ ಇರುವುದು ಸರಿಯಾದ ಹೆಸರೇ ಆದರೆ ಅದನ್ನು ಮುಟ್ಟಲಿಕ್ಕೆ ಹೋಗಬೇಡಿ, ಶಾಲೆ, ಬೋರ್ಡು ಅಂತ ಅಲೆದಾಟ. ಆಧಾರನ್ನೇ ಅದಕ್ಕೆ ಹೊಂದಿಸಿ. ಮೂಲಪ್ರತಿ ಹಿಡಿದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಲಿ. ಆದರೆ ಆಧಾರಿನಲ್ಲಿ ಹೆಸರು ಬದಲಿಸಲಿಕ್ಕೆ ಸಾಮಾನ್ಯವಾಗಿ ಎರಡೇ ಸಲ ಅವಕಾಶ. ಮೊದಲೇ ಒಮ್ಮೆ ಬದಲಿಸಿದ್ದಾನಾ ಕೇಳಿ. ಸ್ಲಿಪ್ಪಿನಲ್ಲಿ ಸ್ಪೆಲ್ಲಿಂಗನ್ನು ಕೌಂಟರಿನಲ್ಲೇ ನೋಡಿಕೊಳ್ಳಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.